ಮಕ್ಕಳ ಕನ್ನಡಕದ ಪರೀಕ್ಷೆ

ಬೈಂದೂರಿನತ್ತ ನಾವು ಪಾಠ ಹೇಳುತ್ತಿದ್ದಾಗ, ಕರಿಹಲಗೆಯ ಶಬ್ದರೂಪಗಳನ್ನು ತಪ್ಪಾಗಿ ಇಳಿಸಿಕೊಳ್ಳುತ್ತಿದ್ದ ಬಾಲಕನೊಬ್ಬನಿಗೆ ಬೆತ್ತದೇಟು ಕೊಟ್ಟದ್ದುಂಟು. ಅವನದು ಸಮೀಪದೃಷ್ಟಿಯೆಂದು ತಿಳಿದದ್ದು ವರ್ಷ ಕಳೆದ ಬಳಿಕ.

ಇಂಥವರ ಕಣ್ಣುಗುಡ್ಡೆಯು ಹಿಂದಕ್ಕೆ ಉದ್ದವಾಗುತ್ತ ಹೋಗುವುದು. ಸಾಮಾನ್ಯ ಕನ್ನಡಕವು ದೂರದ್ದನ್ನು ಕಾಣಿಸೀತು, ಆ ಬೆಳವಣಿಗೆಯನ್ನು ತಡೆಯದು. ಹಾಂಗ್‌ಕಾಂಗಿನ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯದವರು, ನಡುವೆ ತಿಳಿಯಾಗಿದ್ದು ಸುತ್ತಲೂ ನೂರಾರು ಕಿರುಮಸೂರಗಳುಳ್ಳ ಗಾಜನ್ನು 8ರಿಂದ 13 ವರ್ಷದ ಮಕ್ಕಳಿಗೆ ತೊಡಿಸಿ 2 ವರ್ಷ ಪರೀಕ್ಷಿಸಿದರು. ಇನ್ನೊಂದು ಗುಂಪಿಗೆ ಸಾಮಾನ್ಯ ಗಾಜು. ಯಾರದು ಯಾವುದೆಂದು ಮಕ್ಕಳಿಗೂ ತಿಳಿಯದು, ಅಳೆಯುವವರಿಗೂ ತಿಳಿಯದು. 2019ರಲ್ಲಿ ಪ್ರಕಟವಾದ ಫಲದಂತೆ ದೋಷದ ಏರಿಕೆಯು ಶೇಕಡಾ 52ರಷ್ಟು ತಗ್ಗಿತ್ತು, ನಿಂತಿರಲಿಲ್ಲ.

ಕುಂದಾಪುರ, ಬ್ರಹ್ಮಾವರಗಳ ಗೃಹಸ್ಥರು ಮಗುವಿನ ಒಂದೊಂದೇ ಕಣ್ಣು ಮುಚ್ಚಿಸಿ, ಹೆದ್ದಾರಿಯಲ್ಲಿ ಬರುವ ಬಸ್ಸಿನ ಹಲಗೆಯನ್ನು ಓದಿಸಿ ನೋಡಲಿ. ತಡವರಿಸಿದರೆ ನೇತ್ರವೈದ್ಯರಲ್ಲಿಗೆ ಕರೆದೊಯ್ಯಲಿ, ಬೆತ್ತ ಹಿಡಿದ ನಮ್ಮಂಥವರಲ್ಲಿಗಲ್ಲ.