ಹಾಳು ಬಂಗಲೆಯ ಮೋಹ

ಶರಣರ ಚರಿತ್ರೆ, ವಚನಗಳ ವಿವೇಚನೆ, ಮಕ್ಕಳ ಸಂಸ್ಕಾರ ಮುಂತಾದ ವಿಷಯಗಳನ್ನೇ ಈ ಅಂಕಣದಲ್ಲಿ ನಿರೀಕ್ಷಿಸುವ ಓದುಗ ಬಂಧುಗಳ ಮುಂದೆ ಈ ತಿಂಗಳು ನಾವೊಂದು ತಪ್ಪೊಪ್ಪಿಗೆಯನ್ನು ಇಡಬೇಕಾಗಿದೆ. ನಮಗೆ ದೆವ್ವದ ಕಾದಂಬರಿಗಳೆಂದರೆ ಬಲು ಮೋಹ. ಅದರಲ್ಲಿಯೂ ಕೆಟ್ಟದಾಗಿ ಬರೆದ ದೆವ್ವದ ಕಾದಂಬರಿ ಕೈಗೆ ಸಿಕ್ಕರೆ ಊಟದ ಪರಿವೆಯೂ ಇರುವುದಿಲ್ಲ.

ನಮ್ಮ ಬಾಲ್ಯದಲ್ಲಿ ಪೇಟೆಯ ಮೂಲೆಯಲ್ಲಿ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯೊಂದಿತ್ತು. ರಟ್ಟು ಹಾಕಿ ಹೊಲಿದ, ಎಣ್ಣೆಯ ಕಲೆಗಳಿಂದ ಕೂಡಿದ, ಎಷ್ಟೋ ವೇಳೆ ಕೊನೆಯ ಹಾಳೆಗಳೇ ಇಲ್ಲದ ಆ ಪುಸ್ತಕಗಳನ್ನು ನಾವು ಅಂಗಿಯೊಳಗೆ ಅಡಗಿಸಿ ತರುತ್ತಿದ್ದೆವು. ತೊಡೆಯ ಮೇಲೆ ತೆರೆದಿರುತ್ತಿದ್ದುದು ವಚನಗಳ ಸಂಕಲನ. ಅದರ ನಡುವೆ ಅಡಗಿರುತ್ತಿದ್ದುದು ಹಾಳು ಬಂಗಲೆ. “ನಮ್ಮ ಹುಡುಗ ಎಷ್ಟು ಭಕ್ತಿಯಿಂದ ಓದತಾನ ನೋಡ್ರಿ” ಎಂದು ಅಜ್ಜಿಯವರು ನೆರೆಹೊರೆಯವರಿಗೆ ಹೇಳಿ ಸಂತೋಷಪಡುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ದೆವ್ವಕ್ಕಿಂತ ಹೆಚ್ಚಾಗಿ ಅಜ್ಜಿಯವರಿಗೇ ನಾವು ಅಂಜುತ್ತಿದ್ದೆವು.

ಆ ಕಾದಂಬರಿಗಳ ಅಂದವೇ ಬೇರೆ. ಅಮಾವಾಸ್ಯೆಯಲ್ಲದೆ ಬೇರೆ ರಾತ್ರಿ ಅಲ್ಲಿ ಆಗುವುದಿಲ್ಲ. ಗಡಿಯಾರ ಹನ್ನೆರಡನ್ನಲ್ಲದೆ ಬೇರೇನನ್ನೂ ಬಾರಿಸುವುದಿಲ್ಲ. ನಾಯಕನ ಬ್ಯಾಟರಿ ದೀಪ ಸ್ಮಶಾನದ ಬಾಗಿಲಿನವರೆಗೆ ಬೆಳಗಿ ಅಲ್ಲಿಯೇ ಆರಿಹೋಗುತ್ತದೆ. ಮೂರನೆಯ ಅಧ್ಯಾಯದಲ್ಲಿ ಸತ್ತ ತೋಟದ ಮಾಲಿ ಏಳನೆಯ ಅಧ್ಯಾಯದಲ್ಲಿ ಕಾಫಿ ತಂದುಕೊಡುತ್ತಾನೆ. ಅವನು ದೆವ್ವವಾಗಿ ಬಂದನೆಂದಲ್ಲ, ಅವನನ್ನು ಕೊಂದುದು ಲೇಖಕರಿಗೆ ಮರೆತುಹೋಗಿರುತ್ತದೆ. ಇಷ್ಟೆಲ್ಲ ತಿಳಿದೂ, ಓದಿ ಮುಗಿಸಿ ಹಿತ್ತಿಲಿಗೆ ಹೋಗಬೇಕಾದರೆ ನಮಗೆ ಜೊತೆಗೊಬ್ಬರು ಬೇಕಾಗುತ್ತಿತ್ತು!

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಭರತಮುನಿ ಹೇಳಿದ ಎಂಟು ರಸಗಳಲ್ಲಿ ಭಯಾನಕವೂ ಒಂದು, ಬೀಭತ್ಸವೂ ಒಂದು. ಸುರಕ್ಷಿತವಾದ ಸ್ಥಳದಲ್ಲಿ ಕುಳಿತು ಅನುಭವಿಸಿದ ಭಯ ಸಂತೋಷವಾಗಿ ಮಾರ್ಪಡುತ್ತದೆ. ಇಂಗ್ಲೆಂಡಿನಲ್ಲಿಯೂ ಹತ್ತೊಂಬತ್ತನೆಯ ಶತಮಾನದಲ್ಲಿ ವಾರಕ್ಕೊಂದು ಪೆನ್ನಿಗೆ ಮಾರುತ್ತಿದ್ದ ಭೂತಪ್ರೇತಗಳ ಕಥೆಗಳನ್ನು ದುಡಿಯುವ ಜನ ಮುಗಿಬಿದ್ದು ಓದುತ್ತಿದ್ದರು. ನಮ್ಮಲ್ಲಿ ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿ ‘ತುಳಸಿದಳ’ ಕನ್ನಡಕ್ಕೆ ಬಂದು ಮನೆಮಾತಾಯಿತು. 1985ರಲ್ಲಿ ಚಲನಚಿತ್ರವೂ ಆಯಿತು. ಅದು ಬಿಗಿಯಾಗಿ ಹೆಣೆದ ಕೃತಿ. ನಮ್ಮ ಬಾಡಿಗೆ ಪುಸ್ತಕಗಳಿಗೆ ಆ ಬಿಗಿಯೂ ಇರಲಿಲ್ಲ, ಆ ಚಾತುರ್ಯವೂ ಇರಲಿಲ್ಲ.

ಇಷ್ಟೇ ಆಗಿದ್ದರೆ ಇದೊಂದು ನಗೆಯ ಪ್ರಸಂಗವಾಗಿ ಮುಗಿಯುತ್ತಿತ್ತು. ಆದರೆ ಈ ಮೋಹಕ್ಕೆ ನಾವು ತೆತ್ತ ಬೆಲೆಯನ್ನೂ ಹೇಳಬೇಕು. ರಾತ್ರಿ ಊಟವಾದ ಮೇಲೆ ಪಡಸಾಲೆಯಲ್ಲಿ ಮಕ್ಕಳನ್ನು, ಹೆಂಗಳೆಯರನ್ನು ಕೂಡಿಸಿಕೊಂಡು ನಾವು ಆ ಕಥೆಗಳಿಗೆ ಉಪ್ಪುಖಾರ ಹಚ್ಚಿ ಹೇಳುತ್ತಿದ್ದೆವು. ಅಂಥ ಒಂದು ವರ್ಷ, ನಮ್ಮ ಅಕ್ಕನ ಎಂಟು ವರ್ಷದ ಮಗಳು ಆಟವಾಡುತ್ತಿದ್ದವಳು ಹಠಾತ್ತನೆ ಬಿದ್ದು ಕೈಕಾಲು ಸೆಟೆದು ನೊರೆ ಕಾರಿದಳು. ಮನೆಯವರ ಬಾಯಿಂದ ಹೊರಟ ಮೊದಲ ಮಾತು, ನಾವು ಹಿಂದಿನ ವಾರ ಹೇಳಿದ್ದ ಕಥೆಯ ಮಾಟಗಾತಿಯದು! ಕೈಗೆ ಬೀಗದ ಕೈ ಹಿಡಿಸಿದರು, ನಿಂಬೆಹಣ್ಣು ನಿವಾಳಿಸಿದರು, ಪಕ್ಕದ ಊರಿನಿಂದ ತಾಯಿತ ಬಂದಿತು. ಕಥೆಯೆಲ್ಲ ಸುಳ್ಳೆಂದು ಬಲ್ಲ ನಾವು ಹಿರಿಯರೆದುರು ಬಾಯಿ ಬಿಡಲಿಲ್ಲ. ಇನ್ನೂ ನಾಲ್ಕು ಸಲ ಆ ಮಗು ಬಿದ್ದ ಮೇಲೆ, ಮೂರು ವಾರ ಕಳೆದು, ವೈದ್ಯರಲ್ಲಿಗೆ ಒಯ್ದರು. ಅದು ಅಪಸ್ಮಾರ, ಅಂದರೆ ಮೂರ್ಛೆರೋಗ. ಕ್ರಮವಾಗಿ ಗುಳಿಗೆ ಕೊಟ್ಟ ಮೇಲೆ ಮಗು ಚೇತರಿಸಿಕೊಂಡಿತು. ಅಕ್ಕನವರು ನಮಗೆ ಹೇಳಿದ್ದು ಒಂದೇ ಮಾತು: “ತಮ್ಮಾ, ಕಥಿ ಹೇಳೂವಾಗ ಅಷ್ಟು ಮಾತಾಡಿದಿ, ಬೇಕಾದಾಗ ಯಾಕ ಸುಮ್ಮನ ಕುಂತಿ?”

ಆ ಪ್ರಶ್ನೆಗೆ ನಮ್ಮಲ್ಲಿ ಇಂದಿಗೂ ಉತ್ತರವಿಲ್ಲ. ದೋಷ ಪುಸ್ತಕದ್ದಲ್ಲ, ನಮ್ಮ ಮೌನದ್ದು. ಹನ್ನೆರಡನೆಯ ಶತಮಾನದಲ್ಲಿಯೇ ಶರಣರು ಕ್ಷುದ್ರ ದೈವಗಳ ಭಯವನ್ನು, ಶಕುನ ಮುಹೂರ್ತಗಳ ಭ್ರಮೆಯನ್ನು ಕಿತ್ತೆಸೆದರು. ಇಷ್ಟಲಿಂಗವನ್ನು ಎದೆಯ ಮೇಲೆ ಧರಿಸಿದ ನಾವು ಅದರ ಮಗ್ಗುಲಲ್ಲಿಯೇ ತಾಯಿತವನ್ನೂ ಕಟ್ಟಿಕೊಂಡರೆ ಅದಕ್ಕಿಂತ ದೊಡ್ಡ ಹಾಸ್ಯ ಯಾವ ಅಗ್ಗದ ಕಾದಂಬರಿಯಲ್ಲಿದ್ದೀತು?

ಕನ್ನಡಿಗರ ಪಾಲಿಗೆ ಇಬ್ಬರು ನರಸಿಂಹಯ್ಯನವರು ಒದಗಿಬಂದರು. ಎನ್. ನರಸಿಂಹಯ್ಯನವರು ನೂರಾರು ಪತ್ತೇದಾರಿ ಕಾದಂಬರಿಗಳನ್ನು ಬರೆದು ಸಾಮಾನ್ಯ ಜನರಿಗೆ ಓದಿನ ರುಚಿ ಹತ್ತಿಸಿದರು. ಡಾ. ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡಗಳ ಪರಿಶೀಲನೆಗೆ ಸಮಿತಿಯನ್ನು ರಚಿಸಿ ಪ್ರಶ್ನಿಸುವುದನ್ನು ಕಲಿಸಿದರು. ಒಬ್ಬರಿಂದ ಓದುವ ಸುಖ, ಇನ್ನೊಬ್ಬರಿಂದ ಕೇಳುವ ಧೈರ್ಯ. ಮನೆಗೆ ಎರಡೂ ಬೇಕು. ಕರ್ನಾಟಕದಲ್ಲಿ 2017ರ ವಾಮಾಚಾರ ಪ್ರತಿಬಂಧಕ ಕಾನೂನು 2020ರಿಂದ ಜಾರಿಗೆ ಬಂದಿದೆ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಾವು ಕಚ್ಚಿದವರನ್ನು ಚಿಕಿತ್ಸೆಗೆ ಹೋಗದಂತೆ ತಡೆದು ಮಂತ್ರ ಹಾಕುವುದು ಈಗ ಅಪರಾಧ. ಆದರೆ ಕಾನೂನು ಪಡಸಾಲೆಯೊಳಗೆ ಬಂದು ಮಾತನಾಡಲಾರದು. ಅಲ್ಲಿ ಮಾತನಾಡಬೇಕಾದವರು ನಾವೇ.

ಆದುದರಿಂದ ತಾಯಂದಿರಲ್ಲಿ ನಮ್ಮ ವಿನಂತಿ: ಮಕ್ಕಳ ಕೈಯಲ್ಲಿ ಹಾಳು ಬಂಗಲೆ ಕಂಡರೆ ಕಸಿದುಕೊಳ್ಳಬೇಡಿರಿ. ಜೊತೆಯಲ್ಲಿ ಕುಳಿತು ಓದಿರಿ, ಸತ್ತ ಮಾಲಿ ಹೇಗೆ ಕಾಫಿ ತಂದನೆಂದು ಕೇಳಿ ನಗಿರಿ. ಯಾರಿಗಾದರೂ ಮೂರ್ಛೆ ಬಂದರೆ ಒಂದು ಮಗ್ಗುಲಿಗೆ ಹೊರಳಿಸಿರಿ, ಬಿಗಿಯಾದ ಉಡುಪನ್ನು ಸಡಿಲಿಸಿರಿ, ಬಾಯಿಗೆ ಏನನ್ನೂ ಹಾಕಬೇಡಿರಿ. ಐದು ನಿಮಿಷ ಮೀರಿದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ಆ ಮಗು ಈಗ ಎರಡು ಮಕ್ಕಳ ತಾಯಿ. ಊರಿಗೆ ಬಂದಾಗಲೆಲ್ಲ “ಮಾವಾ, ದೆವ್ವದ ಕಥಿ ಹೇಳ್ರಿ” ಎಂದು ತನ್ನ ಮಕ್ಕಳನ್ನು ನಮ್ಮ ಮುಂದೆ ಕೂಡಿಸುತ್ತಾಳೆ. ನಾವು ಹೇಳುತ್ತೇವೆ. ಹೇಳಿ ಮುಗಿಸಿದ ಮೇಲೆ, ಅಂದು ಹೇಳದೆ ಉಳಿಸಿಕೊಂಡ ಮಾತನ್ನೂ ಸೇರಿಸುತ್ತೇವೆ: ಮಕ್ಕಳೇ, ಇದೆಲ್ಲ ಸುಳ್ಳು.