ಆದೇಶ ಬದಲಾದರೆ ಇಲಾಖೆ ಬದಲಾದೀತೇ?

ಶತಮಾನಕ್ಕೂ ಮಿಗಿಲಾಗಿ ಒಂದೇ ಜಾಡಿನಲ್ಲಿ ನಡೆದ ದೊಡ್ಡ ಸಂಸ್ಥೆಯನ್ನು ಹೊಸ ದಾರಿಗೆ ತರುವುದು ಹೇಗೆ? ಈ ಪ್ರಶ್ನೆಗೆ ಅರಣ್ಯ ಇಲಾಖೆಯ ಇತಿಹಾಸದಲ್ಲಿ ನಮಗೆಲ್ಲ ಪಾಠವಿದೆ.

1864ರಲ್ಲಿ ಬ್ರಿಟಿಷ್ ಆಡಳಿತ ಸ್ಥಾಪಿಸಿದ ಇಲಾಖೆಗೆ ನಾಟಾ ಮತ್ತು ಆದಾಯವೇ ಗುರಿಯಾಗಿತ್ತು. 1983ರಲ್ಲಿ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡು ಆ ಗುರಿಯನ್ನೇ ಪ್ರಶ್ನಿಸಿದರು. 1988ರ ರಾಷ್ಟ್ರೀಯ ಅರಣ್ಯ ನೀತಿಯು ಪರಿಸರದ ಸಮತೋಲನ ಮೊದಲು, ಆದಾಯ ನಂತರ ಎಂದಿತು. 1993ರಲ್ಲಿ ಕರ್ನಾಟಕ ಸರ್ಕಾರದ ಆದೇಶದಂತೆ ಜಂಟಿ ಅರಣ್ಯ ಯೋಜನೆ ಬಂದು ಗ್ರಾಮ ಅರಣ್ಯ ಸಮಿತಿಗಳು ಹುಟ್ಟಿಕೊಂಡವು.

ಕಾಗದದ ಮೇಲೆ ಇದು ದೊಡ್ಡ ಪರಿವರ್ತನೆಯೇ. ಆದರೆ ಅಧ್ಯಕ್ಷರು ಊರಿನವರಾದರೂ ಕಾರ್ಯದರ್ಶಿ ಇಲಾಖೆಯ ಫಾರೆಸ್ಟರೇ. ಕಳ್ಳನಾಟಾ ಹಿಡಿಯಲು ತರಬೇತಾದ ಸಿಬ್ಬಂದಿಗೆ ಊರವರೊಂದಿಗೆ ಚಾಪೆಯ ಮೇಲೆ ಕುಳಿತು ಯೋಜನೆ ರೂಪಿಸುವುದನ್ನು ಕಲಿಸುವ ಕೆಲಸ ಅರ್ಧಕ್ಕೇ ನಿಂತಿತು. ಎಷ್ಟು ಹೆಕ್ಟೇರ್ ನೆಟ್ಟಿರಿ ಎಂಬ ಹಳೆಯ ಅಳತೆಗೋಲು ಉಳಿಯಿತು. ಹಾಗಾಗಿ ಬೇಗ ಬೆಳೆಯುವ ಅಕೇಶಿಯಾ ಬೆಟ್ಟವೇರಿತು. ಅದರ ಎಲೆ ನಿಧಾನವಾಗಿ ಕೊಳೆಯುವುದರಿಂದ ಅಡಿಕೆ ತೋಟದ ಗೊಬ್ಬರಕ್ಕೆ ಒದಗದು. ರೈತರಿಗೆ ಬೇಕಾಗಿದ್ದುದು ಸೊಪ್ಪು, ಮುರುಗಲು, ಉಪ್ಪಾಗೆ, ಹಲಸು. ಯೋಜನೆಯ ಹಣ ನಿಂತೊಡನೆ ಅನೇಕ ಸಮಿತಿಗಳು ಮೌನವಾದವು.

ದೋಷ ಕೆಳಗಿನ ಸಿಬ್ಬಂದಿಯದಲ್ಲ. ನಿರ್ಧಾರ, ಹಣ, ಲೆಕ್ಕ ಈ ಮೂರೂ ಮೇಲೆಯೇ ಉಳಿದಾಗ ಕೆಳಗೆ ಹೆಸರು ಮಾತ್ರ ಬದಲಾಗುತ್ತದೆ. 2006ರ ಅರಣ್ಯ ಹಕ್ಕು ಕಾಯಿದೆ ಇದಕ್ಕಿಂತ ಮುಂದೆ ಹೋಯಿತು. ಆದೇಶದ ಕೃಪೆಯನ್ನು ಕಾನೂನಿನ ಹಕ್ಕಾಗಿಸಿ, ಸಮುದಾಯದ ಕಾಡನ್ನು ಕಾಪಾಡಿ ನಿರ್ವಹಿಸುವ ಅಧಿಕಾರವನ್ನು ಗ್ರಾಮಸಭೆಗೆ ಕೊಟ್ಟಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹುಲಿ ಮೀಸಲು ಪ್ರದೇಶದೊಳಗೇ ಸಮುದಾಯ ಹಕ್ಕನ್ನು ಪಡೆದರು. ಆದರೆ ಹಕ್ಕುಪತ್ರ ಬಂದ ಮಾತ್ರಕ್ಕೆ ಇಲಾಖೆಯ ಅಭ್ಯಾಸ ಅಳಿಯದು. ಅದನ್ನು ಬಳಸುವ ಗ್ರಾಮಸಭೆಯೂ ಬೇಕು.

ಸಮಿತಿ ಇರುವ ಊರುಗಳಲ್ಲಿ ಸೂಕ್ಷ್ಮ ಯೋಜನೆಯ ಪ್ರತಿ ಹಾಗೂ ಬ್ಯಾಂಕ್ ಲೆಕ್ಕ ಎಲ್ಲರಿಗೂ ಕಾಣುವಂತಿರಲಿ. ನೆಡಬೇಕಾದ ಗಿಡದ ಪಟ್ಟಿಯನ್ನು ಊರಿನ ಮಹಿಳೆಯರೂ ಸೇರಿ ನಿರ್ಧರಿಸಲಿ. ವಿದ್ಯಾರ್ಥಿಗಳು ಮಾಹಿತಿ ಹಕ್ಕಿನಡಿ ದಾಖಲೆ ತರಿಸಿ ಸಭೆಯಲ್ಲಿ ಓದಿ ಹೇಳಲಿ. ನಮ್ಮ ಸಂಘಟನೆಯೂ ಇದೇ ಅಳತೆಗೆ ಒಳಪಡಲಿ. ನಮ್ಮ ಲೆಕ್ಕಪುಸ್ತಕವೂ ಸದಸ್ಯರ ಮುಂದೆ ತೆರೆದಿರಲಿ. ಅಧಿಕಾರ ಕೈ ಬದಲಿಸದ ಪರಿವರ್ತನೆ, ಬೇರು ಬಿಡದ ಸಸಿಯಂತೆ ಮೊದಲ ಬೇಸಿಗೆಗೇ ಒಣಗುತ್ತದೆ.