ಶಾಲೆಗೊಬ್ಬ ಸಮಾಲೋಚಕ: ತಯಾರು ಮಾಡುವವರಾರು?



ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ 17 ವರ್ಷದ ಹುಡುಗಿಯ ಸಾವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2025ರ ಜುಲೈ 25ರಂದು ತೀರ್ಪು ಕೊಟ್ಟಿತು. ನೂರು ಅಥವಾ ಹೆಚ್ಚು ಮಕ್ಕಳಿರುವ ಪ್ರತಿ ಶಾಲೆ, ಕಾಲೇಜಿನಲ್ಲಿ ಮಕ್ಕಳ ಮನಸ್ಸಿನ ಆರೋಗ್ಯದ ತರಬೇತಿ ಪಡೆದ ಒಬ್ಬರಾದರೂ ಇರಬೇಕೆಂದು ಅದು ಹೇಳಿದೆ.

ಆಜ್ಞೆಯೇನೋ ಬಂತು, ಜನರನ್ನು ಎಲ್ಲಿಂದ ತರೋಣ? ನಮ್ಮ ಬೋರಾಮಣಿ, ಅಕ್ಕಲಕೋಟ ಕಡೆಯ ಎಷ್ಟೋ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಪೇಠೆಯಲ್ಲಿ ಮರಾಠಿ. ಒಳಗಿನ ದುಃಖವನ್ನು ಅವು ಮನೆಮಾತಿನಲ್ಲೇ ಹೇಳಿಯಾವು. ಮನಃಶಾಸ್ತ್ರದ ಎಂ.ಎ. ಆಗಲಿ, ಸಮಾಜಕಾರ್ಯದ ಎಂ.ಎಸ್.ಡಬ್ಲ್ಯು. ಆಗಲಿ ಎರಡು ವರ್ಷದ ಓದು. ಆದರೆ ಪುಸ್ತಕದಲ್ಲಿ ಜಮಾಖರ್ಚು ಕಲಿತ ಹುಡುಗ ಅಂಗಡಿಯಲ್ಲಿ ಕೀರ್ದಿ ಬರೆದಾಗಲೇ ದಿವಾಣಜಿಯಾಗುತ್ತಾನೆ. ಇವರೂ ಅನುಭವಸ್ಥರ ಕೈಕೆಳಗೆ, ಶಾಲೆಯಲ್ಲೇ ಕೂತು, ಮಕ್ಕಳ ಮಾತು ಕೇಳಿ ಪಳಗಬೇಕು. ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ನಮಗೇನು ಪರದೇಶವಲ್ಲ. ಕಲಿಯಲು ಕಳಿಸುವವರು ಬೇಕು.

ಕಳಿಸುವ ಮಾತು ಹಾಗಿರಲಿ. “ಮಗಳನ್ನು ಅಂಥವರ ಹತ್ತಿರ ಒಯ್ದದ್ದು ಗೊತ್ತಾದರೆ ಸೋಯರಿಕೆ ಕೂಡಲಿಕ್ಕಿಲ್ಲ” ಎಂದು ಹಿರಿಯರೇ ಬಾಯಿ ಮುಚ್ಚಿಸುತ್ತಾರೆ. ಜ್ವರಕ್ಕೆ ಡಾಕ್ಟರರ ಬಳಿ ಹೋಗಲು ಈ ಅಂಜಿಕೆ ಇಲ್ಲ!

ಸಮಾಜದ ವಿದ್ಯಾರ್ಥಿವೇತನ ಕೊಡುವಾಗ ನಮಗೆ ನೆನಪಾಗುವುದು ಇಂಜಿನಿಯರಿಂಗ್, ಮೆಡಿಕಲ್, ಸಿ.ಎ. ಮಾತ್ರ. ಬರುವ ಜೂನ್‌ದಿಂದ ಎರಡನ್ನಾದರೂ ಈ ಓದಿಗೆ ತೆಗೆದಿಡೋಣ. ಎರಡೂ ಭಾಷೆ ಬಲ್ಲ ನಮ್ಮ ಹೆಣ್ಣುಮಕ್ಕಳೇ ಕಲಿತು ಈ ಶಾಲೆಗಳಿಗೆ ಬಂದಾರು.

ಅಲ್ಲಿಯವರೆಗೆ ಸರಕಾರದ ಟೆಲಿ-ಮಾನಸ್ ಇದೆ. ಫೋನ್ ನಂಬರು 14416. ಖರ್ಚಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ಮಕ್ಕಳಿಗೆ ಕಾಣುವಂತೆ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ.